ಯಂತ್ರದ ಮಾತಿಗೆ ಅಂಕಿತ ಯಾರದು?

(ಬೆಲ್ಲದ ಬಾಗೇವಾಡಿಯ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

 

ಗೋಷ್ಠಿಯವರು ನನಗೆ ಕೊಟ್ಟ ವಿಷಯ ಕೃತಕ ಬುದ್ಧಿಮತ್ತೆ. ನಾನು ಕಂಪ್ಯೂಟರ್ ಓದಿದವನಲ್ಲ, ಕನ್ನಡ ಕಲಿಸಿದ ಮಾಸ್ತರ. ಬೇರೆ ಯಾರನ್ನಾದರೂ ಕರೆಯಿರಿ ಅಂದೆ. "ಕಂಪ್ಯೂಟರ್ ಗೊತ್ತಿದ್ದವರು ಬೆಂಗಳೂರಾಗ ಅದಾರ್ರಿ, ನೀವ ಬರ್ರಿ" ಅಂದರು. ಬಂದಿದ್ದೇನೆ. ನನಗೆ ಗೊತ್ತಿರುವಷ್ಟನ್ನೇ ಹೇಳುತ್ತೇನೆ.

ನನ್ನಿಂದಲೇ ಆದ ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ಹೋದ ಶ್ರಾವಣದಲ್ಲಿ ಮಕ್ಕಳ ವಚನ ಸ್ಪರ್ಧೆಗೆ ನಾನು ನಿರ್ಣಾಯಕನಾಗಿದ್ದೆ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಬಂದು ಬಸವಣ್ಣನವರ ವಚನವೆಂದು ಒಂದನ್ನು ಹೇಳಿದಳು. ಗಿಡಮರ, ಕೆರೆನೀರು, ಭೂಮಿಯನ್ನು ಕಾಯಬೇಕೆಂಬ ಅರ್ಥ. ಕೊನೆಗೆ ಕೂಡಲಸಂಗಮದೇವಾ ಎಂಬ ಅಂಕಿತ. ಧ್ವನಿ ಚೆನ್ನ, ಉಚ್ಚಾರ ಚೆನ್ನ, ಭಾವವೂ ಚೆನ್ನ. ಸಭೆ ಚಪ್ಪಾಳೆ ಹೊಡೆಯಿತು. ನಾನೂ ಅಂಕ ಕೊಟ್ಟೆ, ಅವಳಿಗೆ ಎರಡನೆಯ ಬಹುಮಾನ ಬಂತು. ರಾತ್ರಿ ಮನೆಗೆ ಹೋದ ಮೇಲೆ ಮನಸ್ಸಿಗೆ ಏನೋ ಕಟೆಯತೊಡಗಿತು. ಇಷ್ಟು ವರ್ಷ ಪಾಠ ಹೇಳಿದ್ದೇನೆ, ಈ ವಚನ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಸಮಗ್ರ ವಚನ ಸಂಪುಟದ ಮೊದಲ ಸಂಪುಟ ತೆಗೆದು ಅಕಾರಾದಿ ನೋಡಿದೆ. ಇಲ್ಲ. ಬೇರೆ ಶರಣರದು ಇರಬಹುದೇ ಎಂದು ಉಳಿದವನ್ನೂ ತಿರುವಿದೆ. ಎಲ್ಲಿಯೂ ಇಲ್ಲ.

ಮರುದಿನ ಆ ಹುಡುಗಿಯನ್ನು ಕೇಳಿದೆ. "ಪರಿಸರದ ಮ್ಯಾಲ ಬಸವಣ್ಣನವರ ವಚನ ಬೇಕು ಅಂತ ಮೊಬೈಲ್‌ನ್ಯಾಗ ಕೇಳಿದ್ನ್ರಿ ಸರ್, ಅದ ಕೊಡ್ತ್ರಿ" ಅಂದಳು. ಪುಸ್ತಕದಲ್ಲಿ ಇಲ್ಲವಲ್ಲ ಮಗಳೇ ಅಂದೆ. ಅದಕ್ಕೆ ಅವಳು ಕೇಳಿದ ಪ್ರಶ್ನೆ ಇವತ್ತಿಗೂ ನನ್ನ ತಲೆಯಲ್ಲಿದೆ: "ಹಂಗಾದ್ರ ಅದನ್ನ ಬರೆದವ್ರು ಯಾರ್ರಿ?"

ಯಾರು ಬರೆದರು? ಯಾರೂ ಬರೆದಿಲ್ಲ, ಇದೇ ಉತ್ತರ. ಇದು ಹೇಗೆ ಸಾಧ್ಯ ಎಂಬುದನ್ನು ಗಾಣದ ಮಾತಿನಲ್ಲಿ ಹೇಳುತ್ತೇನೆ, ನಮ್ಮ ಊರ ಹೆಸರಿನಲ್ಲೇ ಬೆಲ್ಲವಿದೆಯಲ್ಲ. ಗಾಣಕ್ಕೆ ನೀವು ಯಾವ ಕಬ್ಬು ಕೊಡುತ್ತೀರೋ ಆ ಕಬ್ಬಿನ ಹಾಲೇ ಕೆಳಗೆ ಬರುತ್ತದೆ. ಈ ಯಂತ್ರಕ್ಕೆ ಕಬ್ಬೆಂದರೆ ಮಾತು. ಜಗತ್ತಿನ ಜನ ಬರೆದಿಟ್ಟ ಪುಸ್ತಕ, ಪತ್ರಿಕೆ, ಸಿಕ್ಕ ಸಿಕ್ಕ ಬರಹವನ್ನೆಲ್ಲ ಅದಕ್ಕೆ ಉಣಿಸಿದ್ದಾರೆ. ಒಂದು ಮಾತಿನ ಹಿಂದೆ ಸಾಮಾನ್ಯವಾಗಿ ಯಾವ ಮಾತು ಬರುತ್ತದೆ ಎಂಬುದನ್ನು ಅದು ಲೆಕ್ಕದಿಂದ ಕಲಿತಿದೆ. ವಚನವೆಂದರೆ ಹೇಗೆ ಶುರುವಾಗುತ್ತದೆ, ಎಲ್ಲಿ ತಿರುಗುತ್ತದೆ, ಕೊನೆಗೆ ಏನು ಬರುತ್ತದೆ ಎಂಬ ಅಚ್ಚು ಅದರ ಬಳಿ ಇದೆ. ಪರಿಸರ ಅಂದರೆ ಆ ಅಚ್ಚಿನಲ್ಲಿ ಪರಿಸರ ಎರೆದುಕೊಡುತ್ತದೆ, ಕ್ರಿಕೆಟ್ ಅಂದರೆ ಕ್ರಿಕೆಟ್ ಎರೆದುಕೊಡುತ್ತದೆ. ಅದು ಸುಳ್ಳು ಹೇಳುತ್ತಿದೆ ಎಂದು ನಾನು ಹೇಳಲಾರೆ. ನಿಜ ಗೊತ್ತಿದ್ದವನು ಮಾತ್ರ ಸುಳ್ಳು ಹೇಳಬಲ್ಲ. ಅದಕ್ಕೆ ಎರಡೂ ಒಂದೇ.

ಕುತೂಹಲಕ್ಕೆ ನಾನೂ ಒಮ್ಮೆ ಮೊಮ್ಮಗನ ಮೊಬೈಲಿನಲ್ಲಿ ನಮ್ಮೂರ ಬಗ್ಗೆ ಕೇಳಿದೆ. ಬಸವಣ್ಣನವರು ಬೆಲ್ಲದ ಬಾಗೇವಾಡಿಯಲ್ಲೇ ಹುಟ್ಟಿದರು ಎಂದು ಬಹಳ ಗೌರವದಿಂದ ತಿಳಿಸಿತು. ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿಗೂ ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿಗೂ ವ್ಯತ್ಯಾಸ ಅದಕ್ಕೆ ತಿಳಿಯಲಿಲ್ಲ. (ನೀವು ನಗುತ್ತಿದ್ದೀರಿ. ಹತ್ತು ವರ್ಷದ ನಂತರ ಯಾರಾದರೂ ಇದನ್ನೇ ಆಧಾರ ಮಾಡಿ ಇಲ್ಲೊಂದು ಸ್ಮಾರಕಕ್ಕೆ ಅರ್ಜಿ ಹಾಕಿದರೆ ಆಗ ನಗುವುದು ಕಷ್ಟ.)

ಕಳ್ಳ ವಚನ ಹೊಸದೇನಲ್ಲ ಎಂದು ತಿಳಿದವರು ಹೇಳುತ್ತಾರೆ. ನಿಜ. ತಾಳೆಗರಿ ಪ್ರತಿ ಮಾಡುವವರು ತಮ್ಮದನ್ನು ಸೇರಿಸಿದ್ದುಂಟು, ಒಬ್ಬರ ವಚನ ಇನ್ನೊಬ್ಬರ ಹೆಸರಿಗೆ ಹೋದದ್ದುಂಟು. ಅದನ್ನೆಲ್ಲ ಕೂತು ಸೋಸಿದವರು ನಮ್ಮ ವಿದ್ವಾಂಸರು. ಕರ್ನಾಟಕ ಸರ್ಕಾರ 1993ರಲ್ಲಿ 15 ಸಂಪುಟಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಹೊರತಂದಿತಲ್ಲ, ಡಾ. ಎಂ.ಎಂ. ಕಲಬುರ್ಗಿಯವರು ಅದರ ಪ್ರಧಾನ ಸಂಪಾದಕರು. ಒಂದೊಂದು ಪಾಠಕ್ಕೂ ಹತ್ತಾರು ಹಸ್ತಪ್ರತಿ ಹೋಲಿಸಿ ನೋಡುವ ಕೆಲಸ ಅದು, ಯಾರಿಗೂ ಕಾಣದ ಕಾಯಕ. ಇನ್ನೊಂದು ಮಾತು. ಪುಸ್ತಕವೊಂದರಲ್ಲಿ ಬಸವಣ್ಣನವರ ಅಂಕಿತ ಬದಲಾಯಿತೆಂಬ ವಿಷಯ ಸುಪ್ರೀಂ ಕೋರ್ಟ್ ತನಕ ಹೋಗಿ 2017ರಲ್ಲಿ ತೀರ್ಪು ಬಂತು. ಯಾರ ಪಕ್ಷ ಸರಿ ಎಂಬ ಚರ್ಚೆಗೆ ನಾನು ಇಲ್ಲಿ ಹೋಗುವುದಿಲ್ಲ. ಒಂದು ಅಂಕಿತಕ್ಕಾಗಿ ಅಷ್ಟು ವರ್ಷ ಹೋರಾಡಿದ ಸಮಾಜ ನಮ್ಮದು. ಇವತ್ತು ಅದೇ ಅಂಕಿತ ಹಾಕಿಕೊಂಡು ಯಂತ್ರದಿಂದ ಬಂದದ್ದನ್ನು ಬೆಳಗಿನ ಶುಭೋದಯದ ಜೊತೆ ವಾಟ್ಸಾಪಿನಲ್ಲಿ ನಾವೇ ಹಂಚುತ್ತಿದ್ದೇವೆ.

ಅಂಕಿತವೆಂದರೆ ಬರೀ ಹೆಸರಲ್ಲ. ಈ ಮಾತಿಗೆ ನಾನು ಹೊಣೆ, ಇದನ್ನು ಬಾಳಿ ಹೇಳುತ್ತಿದ್ದೇನೆ, ನನ್ನ ಇಷ್ಟಲಿಂಗದ ಸಾಕ್ಷಿಯಾಗಿ ಹೇಳುತ್ತಿದ್ದೇನೆ ಎಂಬ ಸಹಿ ಅದು. ಅನುಭವ ಮಂಟಪದಲ್ಲಿ ಮಾತಾಡಿದವರನ್ನು ಎದುರಿಗೆ ಪ್ರಶ್ನೆ ಕೇಳಬಹುದಿತ್ತು. ಅಕ್ಕಮಹಾದೇವಿಯವರನ್ನು ಅಲ್ಲಮಪ್ರಭುಗಳು ಎಷ್ಟು ಕಠಿಣವಾಗಿ ಕೇಳಿದರು ಎಂಬುದು ಶೂನ್ಯಸಂಪಾದನೆ ಓದಿದವರಿಗೆಲ್ಲ ಗೊತ್ತು. ಅವರು ನಿಂತು ಉತ್ತರ ಕೊಟ್ಟರು. ಮೊಬೈಲಿನ ಯಂತ್ರಕ್ಕೆ ನೀವು ತಪ್ಪು ಹೇಳಿದಿರಿ ಅಂದರೆ "ಕ್ಷಮಿಸಿ" ಅನ್ನುತ್ತದೆ. ಸರಿ ಇದ್ದಾಗಲೂ ತಪ್ಪು ಅಂದರೆ ಎಷ್ಟೋ ಸಲ ಆಗಲೂ "ಕ್ಷಮಿಸಿ" ಅನ್ನುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಅಪಾಯವಿದೆ, ಸುಧಾರಣೆಯ ಮಾತಾಡುವ ನಾವು ಅದನ್ನು ಮೊದಲು ಗುರುತಿಸಬೇಕು. ಬಸವ ಜಯಂತಿಗೆ ಒಂದು ಊರಿನಲ್ಲಿ ಹಾಕಿದ್ದ ಬ್ಯಾನರ್ ನೋಡಿದೆ. ಎಐ ಚಿತ್ರ. ಬಸವಣ್ಣನವರ ಮುಖದಲ್ಲಿ ತೇಜಸ್ಸು, ಹಿಂದೆ ಬೆಳಕು, ಎಲ್ಲಾ ಭರ್ಜರಿ. ಹತ್ತಿರ ಹೋಗಿ ನೋಡುತ್ತೇನೆ, ಎದೆಯ ಮೇಲೆ ಇಷ್ಟಲಿಂಗವಿಲ್ಲ. ಭುಜದಿಂದ ಇಳಿದಿದೆ ಜನಿವಾರ! ಎಂಟನೆಯ ವಯಸ್ಸಿನಲ್ಲಿ ಉಪನಯನ ಬೇಡವೆಂದು ಮನೆ ಬಿಟ್ಟರೆಂದು ನಾವು ಮಕ್ಕಳಿಗೆ ಹೇಳುತ್ತೇವೆ. ಯಂತ್ರ ಅವರಿಗೆ ಮತ್ತೆ ಜನಿವಾರ ಹಾಕಿ ಕಳಿಸಿದೆ. ಅದಕ್ಕೆ ದ್ವೇಷವಿಲ್ಲ, ಸಂಚೂ ಇಲ್ಲ. ಭಾರತದ ಸಂತರ ಚಿತ್ರ ಅಂದಾಗ ಹೆಚ್ಚಿನ ಚಿತ್ರಗಳಲ್ಲಿ ಏನಿತ್ತೋ ಅದನ್ನು ಕೊಟ್ಟಿತು. ಹೆಚ್ಚು ಸಲ ಬಂದದ್ದೇ ಅದಕ್ಕೆ ಸರಿ.

ಶರಣರು ಹೆಚ್ಚಿನವರ ಮಾತಾಡಿದವರೇ? ಹೆಚ್ಚಿನವರು ಒಪ್ಪಿಕೊಂಡಿದ್ದನ್ನು ಬೇಡವೆಂದು ನಿಂತವರು ಅವರು. ಸೂಳೆ ಸಂಕವ್ವೆಯವರದು ನಮಗೆ ಉಳಿದಿರುವುದು ಒಂದೇ ಒಂದು ವಚನ, ನಿರ್ಲಜ್ಜೇಶ್ವರ ಎಂಬ ಅಂಕಿತದ್ದು. ಇಪ್ಪತ್ತು ಸಾವಿರದಲ್ಲಿ ಒಂದು. ಕೋಟಿಗಟ್ಟಲೆ ಪುಟ ತಿಂದ ಯಂತ್ರದ ಲೆಕ್ಕದಲ್ಲಿ ಆ ಒಂದಕ್ಕೆ ತೂಕವೆಷ್ಟು? ನಮ್ಮ ಲೆಕ್ಕದಲ್ಲಿ ಅದು ಒಂದು ಗ್ರಂಥಕ್ಕೆ ಸಮ. ಸರಾಸರಿ ತೆಗೆಯುವ ಯಂತ್ರವನ್ನು ಗುರುವೆಂದು ಕೂರಿಸಿಕೊಂಡರೆ ಮೊದಲು ಅಳಿಸಿಹೋಗುವ ದನಿ ಇಂಥವರದು.

ಹಾಗಾದರೆ ಇದನ್ನು ದೂರ ಇಡಬೇಕೇ ಎಂದರೆ ನಾನು ಒಪ್ಪುವುದಿಲ್ಲ. ಮಠಗಳಲ್ಲಿ ಈಚೆಗೆ ಹಾಗೆ ಭಾಷಣ ಮಾಡುವವರು ಹೆಚ್ಚಾಗಿದ್ದಾರೆ, ಭಾಷಣ ಮುಗಿಸಿ ಅದನ್ನೇ ಮೊಬೈಲಿನಲ್ಲಿ ಹಾಕುತ್ತಾರೆ. ಕಣ್ಣು ಮಂಜಾದವರಿಗೆ ಪತ್ರ ಓದಿ ಹೇಳುತ್ತದೆ, ಇಂಗ್ಲಿಷ್ ಬಾರದವನಿಗೆ ಬ್ಯಾಂಕಿನ ಕಾಗದ ಅರ್ಥ ಮಾಡಿಸುತ್ತದೆ. ಒಳ್ಳೆಯದೇ. ಯಂತ್ರ ಬರಬೇಕೋ ಬೇಡವೋ ಎಂದು ಯಾರೂ ನಮ್ಮನ್ನು ಕೇಳುತ್ತಿಲ್ಲ. ಅದು ಯಾರ ಕೈಯಲ್ಲಿ, ಯಾರಿಗೆ ಲೆಕ್ಕ ಕೊಡುತ್ತದೆ ಎಂದು ನಾವು ಕೇಳಬೇಕು. ತಂತ್ರಜ್ಞಾನದ ನಾಯಕತ್ವ ಎಂದರೆ ನನಗೆ ಅರ್ಥವಾಗುವುದು ಇಷ್ಟೇ.

ಇದಕ್ಕೆ ಅಮೆರಿಕದ ಉದಾಹರಣೆ ಬೇಡ, ನಮ್ಮ ಘಟಪ್ರಭೆಯ ದಂಡೆಯಲ್ಲೇ ಇದೆ. ಗೋಕಾಕ ಜಲಪಾತದ ನೀರಿನ ಬಲದಿಂದ ಹತ್ತಿಯ ಗಿರಣಿ ತಿರುಗತೊಡಗಿದ್ದು 1887ರಲ್ಲಿ. ದೇಶದಲ್ಲೇ ಬಹಳ ಮೊದಲಿನ ಸಾಹಸಗಳಲ್ಲಿ ಒಂದು. ಬಂಡವಾಳ ಬ್ರಿಟಿಷರದು, ನೂಲು ಅವರದು, ಲಾಭ ಅವರದು. ನಮ್ಮವರು ಅಲ್ಲಿ ಪಾಳಿಯ ಮೇಲೆ ದುಡಿಯಲು ಹೋದರು, ಸಂಬಳ ತಂದರು, ಅದನ್ನು ಕಡೆಗಣಿಸುವುದಿಲ್ಲ. ಆದರೆ ಅದೇ ಹೊತ್ತಿನಲ್ಲಿ ಸುತ್ತಲಿನ ಹಳ್ಳಿಯ ಮನೆಗಳಲ್ಲಿ ಏನಿತ್ತು? ಬುಡ್ಡಿದೀಪ. ನನ್ನ ವಯಸ್ಸಿನವರು ಕೆಲವರು ಇಲ್ಲಿದ್ದೀರಿ, ಕಂದೀಲಿನ ಗಾಜು ಬೂದಿಯಿಂದ ಒರೆಸಿದ ನೆನಪು ನಿಮಗೂ ಇದೆ.

ನಮ್ಮ ತಾಲೂಕಿನ ಕತೆ ಬದಲಾದದ್ದು 1969ರಲ್ಲಿ, ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿದಾಗ. ಆಗ ದೇಶದಲ್ಲಿ ಪ್ರಯೋಗವೆಂದು ಆರಿಸಿಕೊಂಡದ್ದು ಐದೇ ಕಡೆ: ಗುಜರಾತಿನ ಕೋಡಿನಾರ, ಮಹಾರಾಷ್ಟ್ರದ ಮುಳಾ ಪ್ರವರಾ, ಆಂಧ್ರದ ಸಿರಿಸಿಲ್ಲ, ಉತ್ತರ ಪ್ರದೇಶದ ಲಖನೌ, ಮತ್ತೆ ನಮ್ಮ ಹುಕ್ಕೇರಿ. ಕರ್ನಾಟಕದಲ್ಲಿ ಇಂಥದು ಇನ್ನೊಂದಿಲ್ಲ. ಕರೆಂಟ್ ಹಂಚುವವರೂ ನಾವೇ, ಬಳಸುವವರೂ ನಾವೇ, ಬಿಲ್ ತಪ್ಪಾದರೆ ಜಗಳಕ್ಕೆ ಹೋಗುವುದೂ ನಮ್ಮದೇ ಕಚೇರಿಗೆ. ಚುನಾವಣೆ ಬಂದಾಗ ಅಲ್ಲಿ ಏನೇನು ನಡೆಯುತ್ತದೆ ಎಂಬುದು ನಿಮಗೇ ಗೊತ್ತು, ನಾನು ಹೇಳಬೇಕಿಲ್ಲ. ಆದರೂ ಜಗಳವಾಡಲು ಒಂದು ಬಾಗಿಲಿದೆ, ಮತ ಹಾಕಲು ಒಂದು ಪೆಟ್ಟಿಗೆ ಇದೆ. ಜಲಪಾತದ ಗಿರಣಿಗೂ ತಾಲೂಕಿನ ಸಂಘಕ್ಕೂ ನಡುವೆ 82 ವರ್ಷ. ಹೊಸ ಯಂತ್ರದ ವಿಷಯದಲ್ಲಿ ನಾವೀಗ ಆ 82 ವರ್ಷದ ಯಾವ ತುದಿಯಲ್ಲಿ ನಿಂತಿದ್ದೇವೆ ಎಂದು ಯೋಚನೆ ಮಾಡಿರಿ.

ನಮ್ಮ ಧರ್ಮದ ಇತಿಹಾಸದಲ್ಲೂ ಇದೇ ನಡೆದಿದೆ. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರು. ಮನೆಮನೆಯ ಜಗುಲಿಯಲ್ಲಿ ಪೂಜೆಗೆ ಇಟ್ಟಿದ್ದ ತಾಳೆಗರಿ ಕಟ್ಟುಗಳನ್ನು ಹುಡುಕಿ ಹುಡುಕಿ ತಂದರು. ಅವರ ಕಾಲದ ಹೊಸ ತಂತ್ರಜ್ಞಾನ ಅಚ್ಚಿನ ಯಂತ್ರ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ವಚನಗಳ ಹಸ್ತಪ್ರತಿ ಕಳಿಸಿದರು, ಅದು ಅಚ್ಚಾಗದೆ ಮರಳಿ ಬಂತು ಎಂದು ಅವರ ಜೀವನ ಬರೆದವರು ಹೇಳುತ್ತಾರೆ. ಕೊನೆಗೆ ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ನಮ್ಮ ಬೆಳಗಾವಿಯಲ್ಲಿ ಅಚ್ಚಾಯಿತು. ಆ ಅನುಭವದಿಂದ ಅವರು ಕಲಿತ ಪಾಠ ನೋಡಿರಿ: ಯಂತ್ರ ಬೇರೆಯವರದಾದರೆ ಯಾವ ಮಾತು ಜಗತ್ತಿಗೆ ಹೋಗಬೇಕು ಎಂದು ತೀರ್ಮಾನಿಸುವವರೂ ಬೇರೆಯವರೇ. 1925ರಲ್ಲಿ ಇದ್ದ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಮರುವರ್ಷ ಶಿವಾನುಭವ ಪತ್ರಿಕೆ ಹೊರಟಿತು. ತಾವು ಬಾಡಿಗೆ ಮನೆಯಲ್ಲಿದ್ದು ವಚನಗಳಿಗೆ ಸ್ವಂತ ಮನೆ ಕಟ್ಟಿಸಿದರು. ಅವರು ಹುಟ್ಟಿದ ಜುಲೈ 2ನ್ನು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಸರ್ಕಾರ ಆಚರಿಸುತ್ತದೆ. ಅವತ್ತು ಹಾರ ಹಾಕುತ್ತೇವೆ, ಫೋಟೋ ತೆಗೆಯುತ್ತೇವೆ. ಹೊಸ ಮುದ್ರಣಾಲಯದ ಮಾತು ಬಂದಾಗ ಮಾತ್ರ ಅದು ಬೆಂಗಳೂರಿನವರ ಕೆಲಸ ಅನ್ನುತ್ತೇವೆ.

ಬೆಂಗಳೂರಿನ ಕೆಲವು ಸಾಫ್ಟ್‌ವೇರ್ ತರುಣರು ಆ ಕೆಲಸ ಮಾಡಿದ್ದಾರೆ ಎಂಬುದನ್ನು ನಾನು ಕೃತಜ್ಞತೆಯಿಂದ ಹೇಳಬೇಕು. ಪ್ರಾಧ್ಯಾಪಕ ಓ.ಎಲ್. ನಾಗಭೂಷಣಸ್ವಾಮಿಯವರ ಮಾರ್ಗದರ್ಶನದಲ್ಲಿ 'ವಚನ ಸಂಚಯ' ಎಂದು ಮಾಡಿ, ಸಮಗ್ರ ವಚನಗಳನ್ನು ಒಂದು ಶಬ್ದ ಕೊಟ್ಟು ಹುಡುಕುವ ಹಾಗೆ ಅಂತರಜಾಲದಲ್ಲಿ ಇಟ್ಟರು. ಅದರಲ್ಲಿ ಹುಡುಕಿದರೆ ಇದ್ದದ್ದು ಸಿಗುತ್ತದೆ, ಇಲ್ಲದ್ದು ಸಿಗುವುದಿಲ್ಲ. ಈ ಎರಡನೆಯ ಗುಣ ಈಗ ಎಷ್ಟು ದೊಡ್ಡದು ಎಂಬುದು ಆ ಸ್ಪರ್ಧೆಯ ರಾತ್ರಿ ನನಗೆ ಗೊತ್ತಾಯಿತು. ಅದೇ ಮೊಬೈಲಿನಲ್ಲಿ ಎರಡೂ ಇವೆ. ಹುಡುಗಿಗೆ ಒಂದರ ದಾರಿ ಗೊತ್ತಿತ್ತು, ಇನ್ನೊಂದರ ದಾರಿ ನಾವು ತೋರಿಸಿರಲಿಲ್ಲ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಮಾರಯ್ಯನವರದು ಬಿದ್ದ ಅಕ್ಕಿ ಆಯುವ ಕಾಯಕ. ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ತಂದರು. ಲಕ್ಕಮ್ಮನವರು ಒಳಗೆ ತೆಗೆದುಕೊಳ್ಳಲಿಲ್ಲ, ಎಲ್ಲಿಂದ ತಂದಿರೋ ಅಲ್ಲಿಗೇ ಸುರಿದು ಬನ್ನಿ ಎಂದು ಕಳಿಸಿದರು. ಈ ಎಐ ಕಂಪನಿಗಳೂ ಆಯುವವರೇ. ಜನ ಬರೆದು ಬಿಟ್ಟ ಮಾತುಗಳ ಕಾಳು ಕಾಳನ್ನೂ ಗುಡಿಸಿಕೊಂಡು ಹೋದರು. ಎಷ್ಟು ಬೇಕಿತ್ತು, ಎಷ್ಟು ಒಯ್ದರು, ಯಾರ ಅಂಗಳದ್ದು ಎಂಬ ಲೆಕ್ಕ ಪೂರ್ತಿ ಹೊರಗೆ ಇಟ್ಟವರು ಬಹಳ ಕಡಿಮೆ. ಬಿಜ್ಜಳನ ಭಂಡಾರದ ಬಗ್ಗೆ ದೂರು ಬಂದಾಗ ಬಸವಣ್ಣನವರು ಲೆಕ್ಕ ತೋರಿಸಿದರು ಎಂದು ಪುರಾಣಗಳು ಹೇಳುತ್ತವೆ. ಭಂಡಾರಿಯಾದವನು ಕೇಳಿದಾಗ ಲೆಕ್ಕ ಬಿಚ್ಚಿಡಬೇಕು. ಈಗಿನ ಭಂಡಾರಿಗಳ ಮನೆಯಲ್ಲಿ ಲಕ್ಕಮ್ಮನಂಥವರು ಇದ್ದಂತಿಲ್ಲ.

ಬೇರೆ ರೀತಿಯಲ್ಲೂ ಮಾಡಬಹುದು. ಬೆಂಗಳೂರಿನ 'ಕಾರ್ಯ' ಎಂಬ ಸಂಸ್ಥೆ ಚಾಮರಾಜನಗರ ಜಿಲ್ಲೆಯ ಹಳ್ಳಿಗಳ ಹೆಣ್ಣುಮಕ್ಕಳಿಂದ ಮೊಬೈಲಿನಲ್ಲಿ ಕನ್ನಡ ವಾಕ್ಯ ಓದಿಸಿ ಧ್ವನಿ ಸಂಗ್ರಹಿಸಿತು, ಯಂತ್ರಕ್ಕೆ ಕನ್ನಡ ಕೇಳಿಸಿಕೊಳ್ಳಲು ಕಲಿಸುವುದಕ್ಕೆ. ಗಂಟೆಗೆ ಸುಮಾರು 5 ಡಾಲರ್, ಅಂದರೆ ನಾಲ್ಕುನೂರು ರೂಪಾಯಿ ಕೊಟ್ಟಿತು. ಆ ಧ್ವನಿಯನ್ನು ಮುಂದೆ ಮತ್ತೆ ಮಾರಿದರೆ ಅವರಿಗೂ ಪಾಲು ಎಂದು ಗೊತ್ತು ಮಾಡಿತು. ಮಾತೂ ಒಂದು ಕಾಯಕ, ಅದಕ್ಕೂ ಕೂಲಿ ಇದೆ ಎಂದು ಒಪ್ಪಿಕೊಂಡ ಹಾಗಾಯಿತು. 2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯವರು 4.37 ಕೋಟಿ. ಅದರಲ್ಲಿ "ಬಂದೇನ್ರಿ, ಹೋಗೂಣಂತ" ಅನ್ನುವ ನಮ್ಮ ಕನ್ನಡ ಅಚ್ಚಿನಲ್ಲಿ ಬಂದದ್ದೇ ಕಡಿಮೆ. ಗಾಣದಲ್ಲಿ ಕೊಪ್ಪರಿಗೆ ಇಳಿಸುವ ಹೊತ್ತನ್ನು, ನೀರಿಗೆ ಬಿಟ್ಟ ಪಾಕ ಬೆರಳಲ್ಲಿ ಹೊರಳುವ ರೀತಿಯಿಂದ ತಿಳಿಯುವ ಅಜ್ಜಂದಿರು ಇನ್ನೂ ಕೆಲವರಿದ್ದಾರೆ. ಅವರ ಮಾತು ಯಾವ ಯಂತ್ರದಲ್ಲೂ ಇಲ್ಲ, ಪುಸ್ತಕದಲ್ಲೂ ಇಲ್ಲ.

ಕಬ್ಬಿನ ಮಾತು ಬಂತು. 2025ರ ನವೆಂಬರದಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ರೂಪಾಯಿ ದರ ಕೇಳಿ ರೈತರು ರಸ್ತೆಯ ಮೇಲೆ ಕುಳಿತದ್ದು ನಿಮಗೆ ನೆನಪಿದೆ, ಇಲ್ಲಿಯ ಹಲವರು ಅಲ್ಲೇ ಇದ್ದಿರಿ. ನೆರೆಯ ಮಹಾರಾಷ್ಟ್ರದ ಬಾರಾಮತಿಯಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಜೊತೆಗೂಡಿ ಅಲ್ಲಿಯ ಕೃಷಿ ಟ್ರಸ್ಟ್ ಕಬ್ಬಿನ ಹೊಲದಲ್ಲಿ ಎಐ ಪ್ರಯೋಗ ಮಾಡುತ್ತಿದೆ. ಮಣ್ಣಿನಲ್ಲಿ ಸೂಚಕ ಯಂತ್ರ, ಮೇಲೆ ಉಪಗ್ರಹದ ಚಿತ್ರ, ಯಾವಾಗ ನೀರು, ಎಷ್ಟು ಗೊಬ್ಬರ ಎಂದು ಮೊಬೈಲಿಗೆ ಸೂಚನೆ. ನೀರು ಉಳಿದರೆ, ಇಳುವರಿ ಬಂದರೆ ಬೇಡ ಅನ್ನುವವನು ಯಾರು? ಆದರೆ ನನ್ನ ಹೊಲದಲ್ಲಿ ಎಷ್ಟು ಟನ್ ಬಂದೀತು, ಸಕ್ಕರೆಯ ಅಂಶ ಎಷ್ಟಿದ್ದೀತು ಎಂಬುದು ನನಗಿಂತ ಮೊದಲು ಕೊಳ್ಳುವವನಿಗೆ ಗೊತ್ತಾದರೆ ದರದ ಮಾತುಕತೆಯಲ್ಲಿ ನಾನು ಎಲ್ಲಿ ಕೂರುತ್ತೇನೆ? ತೂಕದ ಕಾಟಾದ ಬಗ್ಗೆಯೇ ನಮ್ಮ ರೈತರ ಅನುಮಾನ ಇನ್ನೂ ಹೋಗಿಲ್ಲ. ಹೊಲದ ಮಾಹಿತಿ ರೈತರ ಸಹಕಾರಿ ಸಂಘದಲ್ಲೇ ಇರಲಿ, ಕೊಳ್ಳುವವನು ಕೇಳಿ ಪಡೆಯಲಿ. 1969ರಲ್ಲಿ ಕಂಬ ತಂತಿಗೆ ಮಾಡಿದ್ದನ್ನು ಈಗ ಮಾಹಿತಿಗೆ ಮಾಡಬೇಕು. ಇದನ್ನು ಹೇಗೆ ಕಟ್ಟಬೇಕೆಂಬ ಲೆಕ್ಕಪತ್ರ ನನಗೆ ಬಾರದು. ಬರುವ ಹುಡುಗರು ಈ ಊರಿನಲ್ಲಿ ಇದ್ದಾರೆ, ಹಿಂದೆ ನಿಂತಿದ್ದಾರೆ.

ಈ ಮಠದಲ್ಲಿ ಏನು ಮಾಡಬಹುದು ಎಂದು ಪೂಜ್ಯರಲ್ಲಿ ಮೂರು ವಿನಂತಿ ಮಾಡಿಕೊಂಡಿದ್ದೇನೆ. ಇಲ್ಲಿ ವೇದಿಕೆಯ ಮೇಲೆ ಯಾರೇ ವಚನ ಹೇಳಲಿ, ಹತ್ತು ವರ್ಷದ ಮಗುವಾಗಲಿ ಮಂತ್ರಿಗಳಾಗಲಿ, ಸಂಪುಟ ಯಾವುದು, ವಚನದ ಸಂಖ್ಯೆ ಎಷ್ಟು ಎಂದು ಹೇಳಿಯೇ ಶುರು ಮಾಡಬೇಕು. ಆಮಂತ್ರಣ ಪತ್ರಿಕೆ, ಬ್ಯಾನರುಗಳಿಗೂ ಇದೇ ನಿಯಮ, ಚಿತ್ರ ಅಚ್ಚಿಗೆ ಹೋಗುವ ಮುಂಚೆ ಒಬ್ಬರು ಕಣ್ಣಿಟ್ಟು ನೋಡಬೇಕು. ನಿಮ್ಮ ನಿಮ್ಮ ಮನೆಯ ಜಗುಲಿಯ ಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಕಟ್ಟು ಏನಾದರೂ ಇದ್ದರೆ ಅದನ್ನು ಮಠಕ್ಕೆ ತನ್ನಿರಿ. ಕಟ್ಟು ನಿಮ್ಮದೇ, ಫೋಟೋ ಮಾತ್ರ ತೆಗೆದು ಅದೇ ದಿನ ಮರಳಿ ಕೊಡುತ್ತಾರೆ. ಮೂರನೆಯದು ಗಾಣದ ಅಜ್ಜಂದಿರದು. ಪ್ರಸಾದನಿಲಯದ ಹುಡುಗರು ಹೋಗಿ ಅವರ ಒಪ್ಪಿಗೆ ಪಡೆದು ಅವರ ಮಾತು ಧ್ವನಿಮುದ್ರಣ ಮಾಡಲಿ, ಯಾರ ಮಾತು, ಯಾವ ಊರು, ಯಾವ ದಿನ ಎಂದು ಬರೆದಿಡಲಿ. ಅದು ಮಠದಲ್ಲಿರಲಿ. ಯಾವ ಕಂಪನಿಯವರಾದರೂ ಬೇಕು ಎಂದು ಬಂದರೆ ಅಜ್ಜಂದಿರನ್ನೇ ಕೇಳಲಿ.

ಕೊನೆಗೆ ಆ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇನೆ. ಬಹುಮಾನ ವಾಪಸ್ ಪಡೆಯಬೇಕೆಂದು ಒಬ್ಬರು ಅಂದರು. ನಾನು ಬೇಡ ಅಂದೆ, ಅಂಕ ಕೊಟ್ಟವನು ನಾನು, ತಪ್ಪು ನನ್ನದು. ಅವಳ ಕೈಗೆ ಮೊದಲ ಸಂಪುಟ ಕೊಟ್ಟು, ಗಿಡಮರ ನೀರಿನ ಮಾತು ಬರುವ ವಚನಗಳು ನಿಜವಾಗಿ ಎಷ್ಟಿವೆ ಹುಡುಕಿ ಬರೆದುಕೊಂಡು ಬಾ ಅಂದೆ. ಮೂರು ವಾರ ಬೇಕಾಯಿತು. ಒಂದು ನೋಟುಬುಕ್ಕಿನ ತುಂಬ ಬರೆದುಕೊಂಡು ಬಂದಳು, ಪ್ರತಿಯೊಂದಕ್ಕೂ ಸಂಖ್ಯೆ ಹಾಕಿದ್ದಾಳೆ. ಎರಡು ಕಡೆ ಶಬ್ದದ ಅರ್ಥ ತಪ್ಪು ಹಿಡಿದಿದ್ದಾಳೆ, ಅದನ್ನು ಕೂಡಿ ತಿದ್ದಿದ್ದೇವೆ. ಆ ನೋಟುಬುಕ್ಕು ಈಗ ಇಲ್ಲೇ ಮೇಜಿನ ಮೇಲಿದೆ. ಪ್ರಸಾದಕ್ಕೆ ಹೋಗುವ ಮುಂಚೆ ನೋಡಬೇಕೆನ್ನುವವರು ನೋಡಿರಿ. ಅವಳೂ ಇಲ್ಲೇ ಕುಳಿತಿದ್ದಾಳೆ, ಕೇಳುವುದಿದ್ದರೆ ಅವಳನ್ನೇ ಕೇಳಿರಿ.